ಓದುಗರ ಪ್ರಶ್ನೆ: ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಮನೆಯೇ ಇರಲಿಲ್ವಾ?

ಪ್ರಶ್ನೆ: ನಾನು ಹಾಡಿಯ ಮಕ್ಕಳಿಗೆ ಪಾಠ ಮಾಡುತ್ತೇನೆ. ಆಸ್ಟ್ರೇಲಿಯಾದ ಮೂಲನಿವಾಸಿಗಳು ಬರೀ ಅಲೆಮಾರಿಗಳು, ಮನೆ ಕಟ್ಟುತ್ತಿರಲಿಲ್ಲ ಎಂದು ಓದಿದೆ. ನಿಜವೇ? ಈಗ ಅವರ ಮನೆಗಳು ಹೇಗಿವೆ?
– ಶಿಕ್ಷಕಿ, ತಿತಿಮತಿ

ಉತ್ತರ: ನಿಜವಲ್ಲ ಟೀಚರ್, ಮಕ್ಕಳಿಗೆ ದಯವಿಟ್ಟು ಹಾಗೆ ಹೇಳಬೇಡಿ. ಅದು ಬ್ರಿಟಿಷರಿಗೆ ಅನುಕೂಲವಾಗಿದ್ದ ಮಾತು. ಆ ನೆಲ ಯಾರದ್ದೂ ಅಲ್ಲ ಎಂದುಕೊಂಡು ಇಡೀ ಖಂಡವನ್ನೇ ತಮ್ಮದು ಮಾಡಿಕೊಂಡರು. ಅಲ್ಲಿನ ಅತ್ಯುನ್ನತ ಕೋರ್ಟು ಈ ವಾದವನ್ನು ತಳ್ಳಿಹಾಕಿದ್ದು 1992ರಲ್ಲಿ, ಎಡ್ಡಿ ಮಾಬೊ ಎಂಬ ದ್ವೀಪವಾಸಿ ಮತ್ತು ಅವರ ಜೊತೆಗಾರರು ತಮ್ಮ ನೆಲದ ಹಕ್ಕಿಗಾಗಿ ಹೂಡಿದ್ದ ಮಾಬೊ ಪ್ರಕರಣದಲ್ಲಿ.

ಮಳೆ, ಗಾಳಿ, ಸೊಳ್ಳೆ ನೋಡಿಕೊಂಡು ಒಂದೊಂದು ಕಡೆ ಒಂದೊಂದು ಥರ ಕಟ್ಟುತ್ತಿದ್ದರು. ಮರುಭೂಮಿಯಲ್ಲಿ ಮಳೆ ಅಪರೂಪ, ಗಾಳಿ ಜಾಸ್ತಿ. ಅಲ್ಲಿ ಕೊಂಬೆ, ಪೊದೆ ಒಟ್ಟಿದ ಗಿಡ್ಡ ತಡೆಯೇ ಸಾಕು. ಉತ್ತರದ ಆರ್ನೆಮ್ ಲ್ಯಾಂಡ್‌ನಲ್ಲಿ ಮಳೆಗಾಲ ಬಂದರೆ ನೆಲವೆಲ್ಲ ನೀರು, ಸೊಳ್ಳೆ ಕಾಟ ಬೇರೆ. ಹಾಗಾಗಿ ಕಂಬ ನೆಟ್ಟು ಅಟ್ಟ ಕಟ್ಟಿ, ಮರದ ತೊಗಟೆ ಬಾಗಿಸಿ ಮಾಡು ಹೊದಿಸಿ, ಕೆಳಗೆ ಹೊಗೆ ಹಾಕಿ ಮೇಲೆ ಮಲಗುತ್ತಿದ್ದರು. ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನ ಮನೆ ಮಾತ್ರ ಜೂನ್‌ನಿಂದ ಬಟ್ಟೆ ಒಣಗದ ನಮ್ಮ ಕೊಡಗಿನವರಿಗೆ ಬೇಗ ಅರ್ಥವಾಗುತ್ತದೆ. ಬೆತ್ತ ಬಗ್ಗಿಸಿ ಗುಮ್ಮಟದ ಹಾಗೆ ಚೌಕಟ್ಟು, ಮೇಲೆ ತಾಳೆ ಗರಿ, ಹುಲ್ಲು, ತೊಗಟೆಯ ಹೊದಿಕೆ.

ಕಲ್ಲಿನ ಮನೆಗಳೂ ಇದ್ದವು. ವಿಕ್ಟೋರಿಯಾದ ಬಜ್ ಬಿಮ್‌ನಲ್ಲಿ ಗುಂಡಿಚ್‌ಮಾರಾ ಜನ ಲಾವಾ ಕಲ್ಲಿನ ಗಿಡ್ಡ ಗೋಡೆ ಕಟ್ಟಿ ಮೇಲೆ ಮಾಡು ಹೊದಿಸುತ್ತಿದ್ದರು. ಅಲ್ಲೇ ಹಾವುಮೀನು ಹಿಡಿಯುವ ಕಾಲುವೆ, ಕಟ್ಟೆಗಳಿವೆ, ಕನಿಷ್ಠ 6,600 ವರ್ಷ ಹಳೆಯವು! ಮೀನು ಕೈಗೆ ಸಿಗುವಾಗ ಜನ ಅಲ್ಲೇ ನೆಲೆ ನಿಲ್ಲುತ್ತಾರೆ, ಅಲ್ವಾ? 2019ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದಕ್ಕಿಂತ ಮುಖ್ಯವಾದದ್ದು ಯಾರು ಎಲ್ಲಿರಬೇಕು ಎನ್ನುವುದು. ಮದುವೆಯಾಗದ ಗಂಡಸರು ಒಂದು ಕಡೆ, ಒಂಟಿ ಹೆಂಗಸರು ಇನ್ನೊಂದು ಕಡೆ, ಸಂಸಾರಸ್ಥರು ಬೇರೆ. ಅಳಿಯ ಅತ್ತೆಯ ಎದುರಿಗೆ ಬರುವಂತಿಲ್ಲ. ಯಾರಾದರೂ ತೀರಿಕೊಂಡರೆ ಆ ಜಾಗ ಬಿಟ್ಟು ಸರಿಯುವ ರೂಢಿಯೂ ಹಲವು ಕಡೆ ಇತ್ತು. ಕ್ರೈಸ್ತ ಮಿಷನ್‌ಗಳು, ಆಮೇಲೆ ಸರ್ಕಾರ, ಇದನ್ನು ಕೇಳದೆ ಸಾಲು ಮನೆ ಕಟ್ಟಿಸಿಕೊಟ್ಟವು. ನೆಲ ಕಳೆದುಕೊಂಡ ಎಷ್ಟೋ ಜನ ತಗಡು, ಗೋಣಿಚೀಲದ ಗುಡಿಸಲುಗಳಲ್ಲಿ ದಿನ ದೂಡಿದರು. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಈಗ ಕೆಲವು ಕಡೆ ಅವರನ್ನೇ ಕೇಳಿ ಕಟ್ಟುತ್ತಿದ್ದಾರೆ. ವಾಸ್ತುಶಿಲ್ಪಿ ಗ್ಲೆನ್ ಮರ್ಕಟ್ 1994ರಲ್ಲಿ ಆರ್ನೆಮ್ ಲ್ಯಾಂಡ್‌ನ ಯಿರ್‌ಕಾಲಾದಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಯೋಲ್ಂಗು ಜನರ ಕಲಾವಿದೆಯೊಬ್ಬರಿಗೆ ಕಟ್ಟಿದ ಮನೆ ನೆಲದಿಂದ ಮೇಲೆ ನಿಂತಿದೆ, ಕಿಟಕಿಗೆ ಗಾಜಿಲ್ಲ, ಗೋಡೆಯ ಪ್ಲೈವುಡ್ ಹಲಗೆಗಳನ್ನು ಎತ್ತಿದರೆ ಗಾಳಿ ಸಲೀಸಾಗಿ ಆಡುತ್ತದೆ.

ಈ ಪಾಠ ಮಾಡುವ ದಿನ ಹಾಡಿಯ ಅಜ್ಜ ಅಜ್ಜಿ ಯಾರನ್ನಾದರೂ ಕ್ಲಾಸಿಗೆ ಕರೆಸಿ. ಬಿದಿರಿನ ತಡಿಕೆಗೆ ಮಣ್ಣು ಮೆತ್ತುವುದು, ಹುಲ್ಲು ಹೊದಿಸುವುದು ಹೇಗೆಂದು ಅವರೇ ಹೇಳಿಕೊಡಲಿ.