ಅಜ್ಜಯ್ಯನ ವರ್ತಮಾನ ಮೊದಲು ಬರಲಿ

ಡೊಂಬಿವಲಿಯ ಮಿತ್ರರಿಗೆ,

ನಮಸ್ಕಾರ. ‘ಹಳೆ ಪತ್ರಿಕೆಗಳಲ್ಲಿ ವರ್ತಮಾನ’ ಎಂಬ ನಿಮ್ಮ ಲೇಖನ ತಲುಪಿದೆ. ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಭಾಷೆ ಹರಿಯುವ ನದಿ, ಪದಗಳಿಗೂ ಜೀವವಿದೆ ಎಂದೆಲ್ಲ ಬರೆದಿದ್ದೀರಿ. ಯಾವ ಪದದ ಬಗ್ಗೆ ಬರೆದರೂ ಆ ಮಾತು ಹೊಂದುತ್ತದೆ. ನಿಮ್ಮ ಪದ ‘ವರ್ತಮಾನ’ ಬರುವುದು ಮೂರನೇ ಪುಟದಲ್ಲಿ. ಲೋಕಲ್ ರೈಲಿನಲ್ಲಿ ನಿಂತುಕೊಂಡು ಓದುವವರು ಅಲ್ಲಿಯವರೆಗೆ ಕಾಯುವುದಿಲ್ಲ.

ಹಳೆಯ ಸಂಪಾದಕರು ‘ಸುದ್ದಿ’ ಎನ್ನಬೇಕಾದ ಕಡೆ ‘ವರ್ತಮಾನ’ ಎಂದು ತಪ್ಪಾಗಿ ಬರೆದರು ಎನ್ನುತ್ತೀರಿ. ಇದನ್ನು ನಾನು ಒಪ್ಪುವುದಿಲ್ಲ. ವರ್ತಮಾನ ಎಂದರೆ ಈಗ ನಡೆಯುತ್ತಿರುವುದು. ನಡೆಯುತ್ತಿರುವುದನ್ನು ಹೇಳಿದರೆ ಅದೇ ಸುದ್ದಿ, ಅಲ್ವಾ? ಶಾಲೆಯಲ್ಲಿ ಕಲಿತ ವರ್ತಮಾನಕಾಲವಷ್ಟೇ ನಮ್ಮ ತಲೆಯಲ್ಲಿ ಉಳಿದುಕೊಂಡಿದೆ. ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಶುರು ಮಾಡಿದ ಪತ್ರಿಕೆಯ ಹೆಸರು ‘ಮಂಗಳೂರ ಸಮಾಚಾರ’. ಒಳಗೆ ನೋಡಿದರೆ ಸ್ಥಳೀಯ ಸುದ್ದಿಗೆ ‘ವೂರ ವರ್ತಮಾನ’, ಹೊರಗಿನದಕ್ಕೆ ‘ಸರ್ವರಾಜ್ಯ ವರ್ತಮಾನ’. ಹೆಸರಿಗೆ ಒಂದು ಪದ, ಒಳಗೆ ಇನ್ನೊಂದು. ಎರಡೂ ಒಟ್ಟಿಗೇ ಬಾಳಿದ್ದವು. ನೀವು ಬರೆಯಬೇಕಾದ್ದು ಇದನ್ನು. ಅಂದ ಹಾಗೆ, ಅದು ನೀವು ಬರೆದ ಹಾಗೆ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕಿದ್ದಲ್ಲ, ಕಲ್ಲಿನ ಮೇಲೆ ಬರೆದು ಅಚ್ಚೊತ್ತಿದ ಕಲ್ಲಚ್ಚಿನ ಪತ್ರಿಕೆ. ಮೊಳೆ ಬಂದದ್ದು ಮರುವರ್ಷ, ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆದಮೇಲೆ. ತಿದ್ದಿಕೊಳ್ಳಿ.

ಮುಂಬಯಿಯ ಪಕ್ಕದಲ್ಲೇ ಕೂತು ಬರೆದಿದ್ದೀರಿ, ಲೇಖನದಲ್ಲಿ ಮುಂಬಯಿ ಎಲ್ಲೂ ಇಲ್ಲ. ಇಲ್ಲಿನ ಮರಾಠಿಯವರು ಪೇಪರಿಗೆ ಇವತ್ತಿಗೂ ‘ವರ್ತಮಾನಪತ್ರ’ ಎನ್ನುತ್ತಾರೆ. ಮಲಯಾಳಿಗಳಿಗೆ ವರ್ತಮಾನ ಎಂದರೆ ಕೂತು ಮಾತಾಡುವುದು. ನಮ್ಮಲ್ಲಿ ಮಾಸಿದ ಅರ್ಥ ಪಕ್ಕದ ಮನೆಗಳಲ್ಲಿ ಹಾಗೇ ಇದೆ. ಇನ್ನು ಸಮಾಚಾರ. ಫರ್ದೂನ್‌ಜಿ ಮರ್ಜಬಾನ್ ಗುಜರಾತಿಯಲ್ಲಿ ಶುರು ಮಾಡಿದ ‘ಮುಂಬಯಿ ಸಮಾಚಾರ’ದ ಮೊದಲ ಸಂಚಿಕೆ ಬಂದದ್ದು 1822ರ ಜುಲೈ 1ರಂದು. ‘ಮಂಗಳೂರ ಸಮಾಚಾರ’ ಬಂದದ್ದೂ ಜುಲೈ 1ರಂದೇ, 21 ವರ್ಷ ಕಳೆದು. ನನಗೆ ಇದು ಬರೀ ಕಾಕತಾಳೀಯ ಎಂದು ಗೊತ್ತು, ಆದರೂ ಓದಿದಾಗೆಲ್ಲ ಖುಷಿಯಾಗುತ್ತದೆ. ‘ಮುಂಬಯಿ ಸಮಾಚಾರ’ ಈಗಲೂ ಬರುತ್ತಿದೆ. ಒಂದು ಶನಿವಾರ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಇಳಿದು ಹಾರ್ನಿಮನ್ ಸರ್ಕಲ್ ಕಡೆ ನಡೆಯಿರಿ. ಅದರ ಕೆಂಪು ಕಟ್ಟಡ ಅಲ್ಲೇ ಇದೆ. ಕಣ್ಣಲ್ಲಿ ನೋಡಿ ಬರೆದದ್ದಕ್ಕೂ ಸುಮ್ನೆ ಬರೆದದ್ದಕ್ಕೂ ಓದುಗರಿಗೆ ವ್ಯತ್ಯಾಸ ತಿಳಿಯುತ್ತದೆ.

ಈಗ ನನ್ನನ್ನು ಹಿಡಿದು ನಿಲ್ಲಿಸಿದ ಭಾಗ. ಆರನೇ ಪುಟದ ಕೊನೆಗೆ, ಹೆಚ್ಚೆಂದರೆ ಹತ್ತು ಸಾಲು. ನಿಮ್ಮ ಅಜ್ಜಯ್ಯ ಮುಂಬಯಿ ಫೋರ್ಟಿನ ಕ್ಯಾಂಟೀನ್ ಕೆಲಸ ಮುಗಿಸಿ ಬಂದು, ಕುಂದಾಪುರದ ಬಸ್ಸಿನಲ್ಲಿ ಬಂದಿಳಿದವರ ಎದುರು ಕೂತು, ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಒರೆಸಿಕೊಂಡು ‘ಊರಂಗೆ ಎಂತ ವರ್ತಮಾನ?’ ಎಂದು ಕೇಳುತ್ತಿದ್ದರು ಎಂದಿದ್ದೀರಿ. ಅವರು ಓದು ಬರಹ ಕಲಿತವರಲ್ಲ ಎಂದೂ ಬರೆದಿದ್ದೀರಿ. ಅಂದರೆ ಈ ಪದ ಅವರಿಗೆ ಪತ್ರಿಕೆ ಓದಿ ಬಂದದ್ದಲ್ಲ. ಕಲ್ಲಚ್ಚಿನಲ್ಲಿ ‘ವೂರ ವರ್ತಮಾನ’ ಎಂದು ಬರೆದದ್ದೂ ಊರಿನ ಬಾಯಲ್ಲಿದ್ದ ಮಾತನ್ನೇ. ನಿಮ್ಮ ವಾದ ತಪ್ಪು ಎನ್ನುವುದಕ್ಕೆ ಸಾಕ್ಷಿ ನಿಮ್ಮ ಮನೆಯಲ್ಲೇ ಇತ್ತು!

ಲೇಖನ ಅಲ್ಲಿಂದ ಶುರುವಾಗಲಿ. ಉಳಿದದ್ದೆಲ್ಲ ಅದರ ಹಿಂದೆ ಬರಲಿ. ಉದ್ದ ಈಗಿನ ಅರ್ಧ ಸಾಕು. ಕಿಟೆಲ್ ನಿಘಂಟಿನಲ್ಲೂ ಪದವನ್ನು ಒಮ್ಮೆ ತೆಗೆದು ನೋಡಿ, ಮಾಟುಂಗಾ ಕಡೆ ಬಂದರೆ ನನ್ನ ಪ್ರತಿಯನ್ನೇ ಕೊಡುತ್ತೇನೆ.

ಒಂದು ವಿಷಯ ಮಾತ್ರ ನೀವು ಬರೆದೇ ಇಲ್ಲ. ಅಜ್ಜಯ್ಯ ಕೇಳಿದ್ದಕ್ಕೆ ಬಸ್ಸಿಳಿದವರು ಏನು ಹೇಳುತ್ತಿದ್ದರು? ಮಳೆಯೇ, ಗದ್ದೆಯೇ, ಯಾರದಾದರೂ ಮದುವೆಯೇ, ಸಾವೇ? ಮನೆಯಲ್ಲಿ ಹಿರಿಯರನ್ನು ಕೇಳಿ, ಅದನ್ನೂ ಸೇರಿಸಿ ಕಳಿಸಿ.

ನಿಮ್ಮ,
ಸಂಪಾದಕ