ಕನ್ನಡಿ ಮುಂದೆ ಹತ್ತು ಸಲ

"ಸಂಪಾದಕರೇ, ನಾನು ತಿಪಟೂರಿನಲ್ಲಿ ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಈ ವರ್ಷ ಯಜಮಾನರ ಕೆಲಸ ಹೋಯಿತು. ಮಗ ಪಿಯುಸಿಯಲ್ಲಿ ಗಣಿತಕ್ಕೆ ಫೇಲಾದ. ಎಲ್ಲರೂ 'ಪಾಸಿಟಿವ್ ಆಗಿ ಯೋಚನೆ ಮಾಡು' ಅನ್ನುತ್ತಾರೆ. ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು 'ನಾನು ಸಂತೋಷವಾಗಿದ್ದೇನೆ, ಎಲ್ಲಾ ಸರಿಯಾಗಿದೆ' ಅಂತ ಹತ್ತು ಸಲ ಹೇಳು ಎಂದು ಒಬ್ಬರು ಹೇಳಿಕೊಟ್ಟರು. 40 ದಿನ ಹೇಳಿದೆ. ಮೊದಮೊದಲು ನಗು ಬರುತ್ತಿತ್ತು, ಈಗ ಅಳು ಬರುತ್ತೆ. ಮೊನ್ನೆ ಒಂದು ರವಿಕೆ ತೋಳು ಬಿಗಿ ಅಂತ ವಾಪಸ್ ಬಂತು. ಇಡೀ ದಿನ 'ನನ್ನ ಕೈಯಲ್ಲಿ ಏನೂ ಆಗಲ್ಲ' ಅಂತಲೇ ಅನ್ನಿಸ್ತು. ನನ್ನ ಮನಸ್ಸಲ್ಲೇ ಏನಾದರೂ ದೋಷ ಇದೆಯಾ? ಯಜಮಾನರಿಗೂ ಇದನ್ನು ಹೇಳಿಕೊಡಲಾ?"
– ಹೆಸರು ಬೇಡ ಎಂದ ಓದುಗರು

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಕನ್ನಡಿಯ ವಿಷಯ. ಅದನ್ನು ಇವತ್ತೇ ನಿಲ್ಲಿಸಿ. ದೋಷ ನಿಮ್ಮ ಮನಸ್ಸಿನದಲ್ಲ, ಹೇಳಿಕೊಟ್ಟ ವಾಕ್ಯದ್ದು.

ಈ ಮಂತ್ರ ಹೊಸದೇನಲ್ಲ. ನೂರು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಎಮಿಲ್ ಕುಯೆ ಎಂಬ ಔಷಧಿ ವ್ಯಾಪಾರಿ ಇದ್ದರು. ದಾರಕ್ಕೆ 20 ಗಂಟು ಹಾಕಿಕೊಳ್ಳಿ, ಬೆಳಿಗ್ಗೆ ಏಳುವಾಗ ಮತ್ತು ರಾತ್ರಿ ಮಲಗುವಾಗ ಒಂದೊಂದೇ ಗಂಟು ಮುಟ್ಟುತ್ತಾ 'ದಿನದಿಂದ ದಿನಕ್ಕೆ ನಾನು ಎಲ್ಲದರಲ್ಲೂ ಸುಧಾರಿಸುತ್ತಿದ್ದೇನೆ' ಅನ್ನಿ ಎನ್ನುತ್ತಿದ್ದರು. ಥೇಟ್ ನಮ್ಮ ಜಪಸರ, ಅಲ್ವಾ? 1920ರ ದಶಕದಲ್ಲಿ ಇಂಗ್ಲೆಂಡು, ಅಮೆರಿಕದ ಜನವೂ ಅವರಿಗೆ ಮುಗಿಬಿದ್ದರು. ಆದರೆ ಅವರ ಮಾತನ್ನು ಇನ್ನೊಂದು ಸಲ ನೋಡಿ. 'ಸುಧಾರಿಸುತ್ತಿದ್ದೇನೆ' ಅಂತಿದೆ, 'ಎಲ್ಲಾ ಸರಿಯಾಗಿದೆ' ಅಂತಿಲ್ಲ. ಹಟ ಮಾಡಿ ಮನಸ್ಸನ್ನು ಬಗ್ಗಿಸಲು ಹೋದರೆ ಸೋಲುವುದು ಹಟವೇ ಎಂದೂ ಅವರು ಹೇಳಿದ್ದರು. ಕೈಯಿಂದ ಕೈಗೆ ಬರುವಾಗ ಆ ಭಾಗ ಎಲ್ಲೋ ಉದುರಿಹೋಗಿದೆ.

ನಿಮಗೆ ಯಾಕೆ ಅಳು ಬಂತು ಅನ್ನುವುದಕ್ಕೂ ಉತ್ತರ ಇದೆ. ಕೆನಡಾದಲ್ಲಿ ಜೋಆನ್ ವುಡ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಸಂಗಡಿಗರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗಂಟೆ ಬಾರಿಸಿದಾಗಲೆಲ್ಲ ಕೆಲವರು 'ನಾನು ಪ್ರೀತಿಗೆ ತಕ್ಕವಳು' ಎಂಬಂಥ ಮಾತನ್ನು ಹೇಳಿಕೊಳ್ಳಬೇಕಿತ್ತು. ಮೊದಲೇ ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಚೂರು ಹಿತವಾಯಿತು. ತಮ್ಮನ್ನು ತಾವು ಕೀಳಾಗಿ ಕಂಡುಕೊಂಡಿದ್ದವರ ಮನಸ್ಸು ಇನ್ನಷ್ಟು ಕುಗ್ಗಿತು. ನೀವು 'ಎಲ್ಲಾ ಸರಿಯಾಗಿದೆ' ಅನ್ನುತ್ತೀರಿ. ಒಳಗಿನಿಂದ ಇನ್ನೊಬ್ಬಳು 'ಬಾಡಿಗೆ ಕೊಟ್ಟೆಯಾ?' ಅನ್ನುತ್ತಾಳೆ. ದಿನಾ ಬೆಳಿಗ್ಗೆ ಹತ್ತು ಸಲ ಆ ಜಗಳ. ಅಳು ಬರದೆ ಇನ್ನೇನು?

ನಮ್ಮ ಮನೆಗಳಲ್ಲಿ ಕೆಟ್ಟ ಮಾತು ಬಾಯಿಂದ ಬಂದರೆ 'ಬಿಡ್ತು ಅನ್ನು' ಎಂದು ಗದರುತ್ತಾರೆ. 'ಹೋಗ್ತೀನಿ' ಅನ್ನಬಾರದು, 'ಹೋಗಿ ಬರ್ತೀನಿ' ಅನ್ನಬೇಕು. ನನಗೆ ಈ ರೂಢಿಗಳು ಇಷ್ಟವೇ. ಆದರೆ ಕಷ್ಟ ಹೇಳಿಕೊಳ್ಳುವವರ ಬಾಯಿ ಮುಚ್ಚಿಸುವುದಕ್ಕೂ ಅದೇ ಅಸ್ತ್ರ ಬಳಸುತ್ತೇವೆ. 'ಪಾಸಿಟಿವ್ ಆಗಿರು' ಎಂದವರಲ್ಲಿ ಎಷ್ಟು ಜನ ನಿಮ್ಮ ಪಕ್ಕ ಕೂತು ಪೂರ್ತಿ ಕೇಳಿಸಿಕೊಂಡರು?

ನನ್ನದೇ ಒಂದು ಪ್ರಸಂಗ. ಒಮ್ಮೆ ನಮ್ಮ ಪತ್ರಿಕೆಯ ಮುಖಪುಟದಲ್ಲಿ ಹಿಂದಿನ ತಿಂಗಳ ಹೆಸರೇ ಅಚ್ಚಾಗಿ ಬಂತು. ತಪ್ಪು ನನ್ನದೇ, ಪ್ರೂಫ್ ನೋಡಿ ಸಹಿ ಹಾಕಿದವನು ನಾನು. ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಗೆಳೆಯರೊಬ್ಬರು 'ಬಿಡಿ, ಆಗೋದೆಲ್ಲ ಒಳ್ಳೇದಕ್ಕೇ' ಎಂದರು. ಹೊಡೆಯುವಷ್ಟು ಸಿಟ್ಟು ಬಂತು. ಬೈಂಡಿಂಗ್ ಮಾಡುವ ಹಿರಿಯರು ಮಾತ್ರ ಅಂಟು ಮೆತ್ತಿದ ಕೈ ಒರೆಸಿಕೊಳ್ಳುತ್ತಾ, 'ಸಾರ್, ಎಷ್ಟು ಕಾಪಿ ಹೊರಗೆ ಹೋಗಿದೆ?' ಎಂದು ಕೇಳಿದರು. ಇನ್ನೂ ಒಂದೂ ಹೋಗಿರಲಿಲ್ಲ! ತಿಂಗಳ ಹೆಸರಿನ ಚೀಟಿ ಅಚ್ಚು ಹಾಕಿಸಿ, ರಾತ್ರಿಯೆಲ್ಲ ಅಂಟಿಸಿದೆವು. ಅವರು ನನಗೆ ಒಂದು ಸಮಾಧಾನದ ಮಾತೂ ಹೇಳಲಿಲ್ಲ.

ನಿಮ್ಮ ರವಿಕೆಗೆ ಬರೋಣ. ತೋಳು ಬಿಗಿಯಾದರೆ ನೀವು ಏನು ಮಾಡುತ್ತೀರಿ? ಹೊಲಿಗೆ ಬಿಚ್ಚಿ, ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದೀರಿ ಅಂತ ನೋಡುತ್ತೀರಿ. ಯೋಚನೆಯನ್ನೂ ಹಾಗೇ ಬಿಚ್ಚಿ ನೋಡಬೇಕು ಎಂದು 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ತಮ್ಮ ರೋಗಿಗಳಿಗೆ ಕಲಿಸಲು ಶುರು ಮಾಡಿದರು. ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆ ಸಾಕು. 'ನನ್ನ ಕೈಯಲ್ಲಿ ಏನೂ ಆಗಲ್ಲ' ಎಂದು ಬರೆಯಿರಿ. ಕೆಳಗೆ, ಈ ತಿಂಗಳು ಎಷ್ಟು ರವಿಕೆ ಹೊಲಿದಿರಿ, ಎಷ್ಟು ವಾಪಸ್ ಬಂತು ಅಂತ ಬರೆಯಿರಿ. ಆಮೇಲೆ ಮೊದಲ ಸಾಲನ್ನು ತಿದ್ದಿ. 'ಒಂದು ತೋಳು ಬಿಗಿಯಾಗಿದೆ, ನಾಳೆ ಸರಿಮಾಡಿ ಕೊಡುತ್ತೇನೆ.' ಇದನ್ನು ನಿಮ್ಮ ಒಳಗಿನವಳೂ ಒಪ್ಪುತ್ತಾಳೆ, ಯಾಕೆಂದರೆ ಇದು ನಿಜ.

ರಾತ್ರಿಗೆ ಇನ್ನೊಂದು. ಆ ದಿನ ಚೆನ್ನಾಗಿ ನಡೆದ 3 ಸಂಗತಿ ಬರೆಯಿರಿ, ಪಕ್ಕದಲ್ಲಿ 'ಇದು ಯಾಕೆ ಆಯಿತು' ಅಂತಲೂ ಬರೆಯಿರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮತ್ತು ಜೊತೆಯವರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ಒಂದು ವಾರ ಹೀಗೆ ಬರೆದರು. ಅದರ ಹಿತ 6 ತಿಂಗಳ ನಂತರವೂ ಕಂಡಿತು. 'ಯಾಕೆ' ಅನ್ನುವುದನ್ನು ಬಿಡಬೇಡಿ. 'ಮಗ ತಾನಾಗೇ ಪುಸ್ತಕ ತೆಗೆದ' ಎಂದು ಸುಮ್ನೆ ಬರೆದರೆ ಅಲ್ಲಿಗೇ ಮುಗಿಯಿತು. 'ನಾನು ಬೈಯದೆ ಇದ್ದೆ, ಅದಕ್ಕೆ' ಎಂದು ಬರೆದರೆ ನಾಳೆಗೆ ಏನೋ ಸಿಕ್ಕಿತು.

ಮಗನ ವಿಷಯದಲ್ಲಿ ಒಂದು ಎಚ್ಚರಿಕೆ. 'ಪಾಸಾದಂತೆ ಕಣ್ಮುಚ್ಚಿ ಕಲ್ಪನೆ ಮಾಡಿಕೋ' ಎಂದು ಅವನಿಗೆ ಯಾರಾದರೂ ಹೇಳಿಕೊಟ್ಟಾರು. ಗೇಬ್ರಿಯೆಲ್ ಓಟಿಂಗನ್ ಎಂಬ ಮನಶ್ಶಾಸ್ತ್ರಜ್ಞೆ 1991ರಲ್ಲಿ, ತೂಕ ಇಳಿಸಲು ಸೇರಿದ್ದ 25 ಹೆಂಗಸರ ಬಗ್ಗೆ ಬರೆದರು. 'ನನ್ನಿಂದ ಆಗುತ್ತೆ' ಎಂದು ನಂಬಿದವರು ಜಾಸ್ತಿ ಇಳಿದಿದ್ದರು. ಸಣ್ಣಗಾದ ತಮ್ಮನ್ನೇ ಬಣ್ಣಬಣ್ಣವಾಗಿ ಕನಸು ಕಂಡವರು ಕಡಿಮೆ ಇಳಿದಿದ್ದರು, ಅಂಥ ಕನಸು ಕಾಣದವರಿಗಿಂತ ಸುಮಾರು 11 ಕಿಲೋ ಕಡಿಮೆ. ಮಂಡಿಗೆ ಮನಸ್ಸಿನಲ್ಲೇ ತಿಂದಾಗಿದ್ದರೆ ಒಲೆ ಹಚ್ಚುವವರು ಯಾರು? ಈಗ ಪಿಯುಸಿ ಪರೀಕ್ಷೆಯನ್ನು ಅದೇ ವರ್ಷ ಮತ್ತೆ ಬರೆಯಬಹುದು. ಯಾವ ಪಾಠದಲ್ಲಿ ಎಡವಿದ ಅಂತ ಕೇಳಿ. ರಾತ್ರಿ ಊಟ ಆದ ಮೇಲೆ ಅದರ 2 ಲೆಕ್ಕ ಮಾಡಲಿ, ಅಷ್ಟೇ.

ಅಂದಹಾಗೆ, ಎರಡು ವಾರಕ್ಕೂ ಜಾಸ್ತಿ ನಿದ್ದೆ ಬರದೆ, ಊಟ ಸೇರದೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ ಹೀಗೆ ಹಾಳೆಯಲ್ಲಿ ಬರೆಯುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಯಜಮಾನರಿಗೆ ಹೇಳಿಕೊಡಲಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಬೆಳಿಗ್ಗೆ ಕಾಫಿ ಕೊಡುವಾಗ 'ಇವತ್ತು ಯಾರನ್ನ ನೋಡೋಕೆ ಹೋಗ್ತೀರಿ?' ಅಂತ ಕೇಳಿ. 'ಎಲ್ಲೂ ಇಲ್ಲ' ಎಂದರೆ, ಬಟನ್ ದಾರ ತರಲು ಪೇಟೆಗೆ ಕಳಿಸಿ.