ಆಕ್ಸಿಜನ್ ಇಲ್ದೇ ಗ್ಲೂಕೋಸ್ ಆಕ್ಸಿಡೈಸ್ ಆಗೋದು ಹೇಗೆ?

ಪ್ರಶ್ನೆ: ಸರ್, ಗ್ಲೈಕೋಲಿಸಿಸ್‌ನಲ್ಲಿ (ಜೀವಕೋಶ ಗ್ಲೂಕೋಸ್‌ನ ಒಡೆಯೋ ಮೊದಲ ಹಂತ) ಆಕ್ಸಿಜನ್ ಬಳಕೆನೇ ಇಲ್ಲ, ಆದ್ರೂ ಅಲ್ಲಿ ಆಕ್ಸಿಡೇಷನ್ ನಡಿಯುತ್ತೆ ಅಂತ ಪುಸ್ತಕದಲ್ಲಿದೆ. ಹೇಗೆ ಸಾಧ್ಯ? ನಾವು ಎಳ್ಕೊಳ್ಳೋ ಆಕ್ಸಿಜನ್ನೇ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಗೆ ಬರೋದಲ್ವಾ?

ಉತ್ತರ: ಅಲ್ಲ, ಮೊದ್ಲು ಅದನ್ನ ತಲೆಯಿಂದ ತೆಗೀರಿ. ನೀವು ಎಳ್ಕೊಂಡ ಆಕ್ಸಿಜನ್ ಜೀವಕೋಶದಲ್ಲಿ ನೀರಾಗುತ್ತೆ. ಕಾರ್ಬನ್ ಡೈಆಕ್ಸೈಡ್‌ನಲ್ಲಿರೋ ಆಕ್ಸಿಜನ್ ಬರೋದು ಗ್ಲೂಕೋಸ್‌ನಿಂದ, ಜೊತೆಗೆ ನಡುವೆ ರಿಯಾಕ್ಷನ್‌ಗಳಲ್ಲಿ ಬಂದು ಸೇರೋ ನೀರಿನಿಂದ.

ಆಕ್ಸಿಜನ್ ಎಲ್ಲಿ ಅಂತ ಹುಡುಕ್ಬೇಡಿ, ಎಲೆಕ್ಟ್ರಾನ್ ಯಾರು ಕಳ್ಕೊಂಡ್ರು ಯಾರು ತಗೊಂಡ್ರು ಅಷ್ಟೇ ನೋಡಿ. ಕಳ್ಕೊಂಡಿದ್ದು ಆಕ್ಸಿಡೈಸ್ ಆಯ್ತು, ತಗೊಂಡಿದ್ದು ರಿಡ್ಯೂಸ್ ಆಯ್ತು. ಗ್ಲೈಕೋಲಿಸಿಸ್‌ನಲ್ಲಿ ಗ್ಲಿಸರಾಲ್ಡಿಹೈಡ್-3-ಫಾಸ್ಫೇಟ್ ಅನ್ನೋ ಗ್ಲೂಕೋಸ್‌ನ ತುಣುಕು ಎಲೆಕ್ಟ್ರಾನ್ ಬಿಟ್ಕೊಡುತ್ತೆ, ಎಲೆಕ್ಟ್ರಾನ್ ಹೊರೋ ಅಣುವಾದ ಎನ್‌ಎಡಿ ಪ್ಲಸ್ ಎರಡು ಎಲೆಕ್ಟ್ರಾನ್ ಜೊತೆ ಒಂದು ಪ್ರೋಟಾನ್ ತಗೊಂಡು ಎನ್‌ಎಡಿಎಚ್ ಆಗುತ್ತೆ. ಆಕ್ಸಿಡೇಷನ್ ಮುಗೀತು, ಆಕ್ಸಿಜನ್ ಹತ್ರಕ್ಕೂ ಬಂದಿಲ್ಲ! ಆ ತುಣುಕುಗಳು ಮುಂದೆ ಕಾರ್ಬನ್ ಡೈಆಕ್ಸೈಡ್ ಆಗೋ ಕ್ರೆಬ್ಸ್ ಸೈಕಲ್‌ನಲ್ಲೂ ಇದೇ ಕಥೆ, ಅಲ್ಲಿ ಎಫ್‌ಎಡಿ ಅನ್ನೋ ಅಂಥದ್ದೇ ಇನ್ನೊಂದು ಅಣು ಕೂಡ ಸೇರ್ಕೊಳ್ಳುತ್ತೆ, ಒಂದು ಗ್ಲೂಕೋಸ್ ಪೂರ್ತಿ ಮುಗಿಯೋ ಹೊತ್ತಿಗೆ 10 ಎನ್‌ಎಡಿಎಚ್, 2 ಎಫ್‌ಎಡಿಎಚ್2 ರೆಡಿ ಇರುತ್ತೆ.

ಆಕ್ಸಿಜನ್ ಕೆಲಸ ಬರೋದು ಕಟ್ಟಕಡೆಗೆ, ಈ ಎಲೆಕ್ಟ್ರಾನ್‌ಗಳನ್ನ ಕೊನೇಲಿ ತಗೊಂಡು ನೀರಾಗೋದು ಅದೇ. ಮೈಟೋಕಾಂಡ್ರಿಯಾದ ಒಳಪೊರೇಲಿ ಈ ಎಲೆಕ್ಟ್ರಾನ್‌ಗಳು ಒಂದು ಪ್ರೋಟೀನ್‌ನಿಂದ ಇನ್ನೊಂದಕ್ಕೆ ದಾಟ್ಕೊಂಡು ಹೋಗ್ತಾವೆ, ಎನ್‌ಎಡಿಎಚ್‌ನಿಂದ ಆಕ್ಸಿಜನ್‌ವರೆಗೆ ಸುಮಾರು 1.14 ವೋಲ್ಟ್ ವ್ಯತ್ಯಾಸ, ಆ ಶಕ್ತಿ ಒಂದೇ ಸಲ ಬಿಸಿಯಾಗಿ ಹೋಗ್ದೆ ಹಂತಹಂತವಾಗಿ ಪ್ರೋಟಾನ್‌ಗಳನ್ನ ಪೊರೆಯಾಚೆ ತಳ್ಳೋಕೆ ಬಳಕೆ ಆಗುತ್ತೆ, ಆ ಪ್ರೋಟಾನ್‌ಗಳು ವಾಪಸ್ ಒಳಗೆ ಬರುವಾಗ ಎಟಿಪಿ (ಜೀವಕೋಶ ಶಕ್ತಿಗೆ ಬಳಸೋ ಅಣು) ತಯಾರಾಗುತ್ತೆ. ಇಡೀ ಜೀವಶಾಸ್ತ್ರದಲ್ಲಿ ನಂಗೆ ತುಂಬಾ ಇಷ್ಟವಾದ ವಿಷಯ ಇದು. 1961ರಲ್ಲಿ ಪೀಟರ್ ಮಿಚೆಲ್ ಅನ್ನೋ ವಿಜ್ಞಾನಿ ಇದನ್ನ ಹೇಳಿದಾಗ ಸುಮಾರು ಜನ ಒಪ್ಲಿಲ್ಲ, 1978ರಲ್ಲಿ ನೊಬೆಲ್ ಬಂತು.

ಹಾಗಾದ್ರೆ ಆಕ್ಸಿಜನ್ ಇಲ್ದಿದ್ರೆ ಏನಾಗುತ್ತೆ? ಎಲೆಕ್ಟ್ರಾನ್ ತಗೊಳ್ಳೋರು ಕೊನೇಲಿ ಯಾರೂ ಇಲ್ಲ, ಸಾಲು ನಿಂತೋಗುತ್ತೆ, ಎನ್‌ಎಡಿಎಚ್ ಮತ್ತೆ ಎನ್‌ಎಡಿ ಪ್ಲಸ್ ಆಗೋಕಾಗಲ್ಲ. ಸೈನೈಡ್ ಮಾಡೋದೂ ಇದನ್ನೇ, ಕೊನೇ ಎನ್‌ಜೈಮ್‌ನ ತಡೆಯುತ್ತೆ, ರಕ್ತದಲ್ಲಿ ಆಕ್ಸಿಜನ್ ಇದ್ರೂ ಜೀವಕೋಶ ಬಳಸಕ್ಕಾಗಲ್ಲ. ಜೋರಾಗಿ ಓಡುವಾಗ ಸ್ನಾಯುಗಳು ಗ್ಲೈಕೋಲಿಸಿಸ್ ಕೊನೇಲಿ ಸಿಗೋ ಪೈರುವೇಟ್‌ನ ಲ್ಯಾಕ್ಟೇಟ್ ಮಾಡೋದು ಎನ್‌ಎಡಿ ಪ್ಲಸ್ ವಾಪಸ್ ಪಡೆಯೋಕೇ. ಅಲ್ಲಿ ಪೈರುವೇಟ್ ರಿಡ್ಯೂಸ್ ಆಗುತ್ತೆ, ಎನ್‌ಎಡಿಎಚ್ ಆಕ್ಸಿಡೈಸ್ ಆಗುತ್ತೆ, ಆದ್ರೆ ಸಿಗೋದು ಗ್ಲೂಕೋಸ್‌ಗೆ ಬರೀ 2 ಎಟಿಪಿ, ಆಕ್ಸಿಜನ್ ಇದ್ದಿದ್ರೆ 30ರ ಆಸುಪಾಸು ಸಿಗ್ತಿತ್ತು.